ಓದುಗರ ಪ್ರಶ್ನೆ: ಮೋಟರ್‌ಹೋಮ್ ಕೊಳ್ಳುವ ಮುನ್ನ ಹೆಸರು ನೋಡಬೇಕೋ, ಗೋಡೆ ನೋಡಬೇಕೋ?

ಪ್ರಶ್ನೆ: ಹೆಚ್ಚು ಬಾಳಿಕೆ ಬರುವ ಮೋಟರ್‌ಹೋಮ್ ಬ್ರ್ಯಾಂಡ್ ಯಾವುದು? ಒಂದು ಹೆಸರು ಹೇಳಿಬಿಡಿ, ಅದನ್ನೇ ಕೊಳ್ಳುತ್ತೇನೆ.

ಒಂದು ಹೆಸರು ಹೇಳಿದರೆ ನಿಮ್ಮನ್ನು ದಾರಿ ತಪ್ಪಿಸಿದಂತಾಗುತ್ತದೆ. ಮೋಟರ್‌ಹೋಮ್ ಎಂಬ ಈ ಚಲಿಸುವ ಮನೆ ಒಬ್ಬರ ಕೈಯಲ್ಲೇ ತಯಾರಾಗುವ ಗಾಡಿಯಲ್ಲ. ಎಂಜಿನ್, ಗೇರ್‌ಬಾಕ್ಸ್, ಷಾಸಿ (ಗಾಡಿಯ ಕೆಳಚೌಕಟ್ಟು) ಬರುವುದು ಫಿಯೆಟ್, ಫೋರ್ಡ್, ಮರ್ಸಿಡಿಸ್‌ನಂಥ ವಾಹನ ಕಂಪನಿಗಳಿಂದ. ಅದರ ಮೇಲೆ ಮನೆ ಕಟ್ಟುವವರು ಬೇರೆ, ಬದಿಯಲ್ಲಿ ದಪ್ಪಕ್ಷರದಲ್ಲಿ ಇರುವುದು ಸಾಮಾನ್ಯವಾಗಿ ಅವರ ಹೆಸರು. ಇನ್ನು ಫ್ರಿಜ್, ಹೀಟರ್, ಟಾಯ್ಲೆಟ್‌ಗಳ ಮೇಲೆ ಡೊಮೆಟಿಕ್, ಟ್ರೂಮಾ, ಥೆಟ್‌ಫರ್ಡ್ ಎಂಬ ಹೆಸರುಗಳೇ ಮತ್ತೆ ಮತ್ತೆ ಕಾಣುತ್ತವೆ, ಗಾಡಿ ಅಗ್ಗದ್ದಿರಲಿ, ದುಬಾರಿಯದಿರಲಿ.

ಮಾಲೀಕತ್ವವೂ ಹಾಗೆಯೇ. ಜೇಕೊ, ಏರ್‌ಸ್ಟ್ರೀಮ್, ಟಿಫಿನ್ ಬ್ರ್ಯಾಂಡ್‌ಗಳು, 2019ರಿಂದ ಯೂರೋಪಿನ ಹೈಮರ್ ಗುಂಪು ಕೂಡ ಅಮೆರಿಕದ ಥಾರ್ ಇಂಡಸ್ಟ್ರೀಸ್‌ನ ಕೈಯಲ್ಲಿವೆ. ನ್ಯೂಮಾರ್ ಬ್ರ್ಯಾಂಡ್ ಈಗ ವಿನ್ನೆಬೇಗೊ ಕಂಪನಿಯದ್ದು. ಒಂದೇ ಬ್ರ್ಯಾಂಡಿನ ಕೆಳದರ್ಜೆಯ ಮಾಡೆಲ್‌ಗೂ ಮೇಲ್ದರ್ಜೆಯ ಮಾಡೆಲ್‌ಗೂ ಗೋಡೆ, ಚಾವಣಿ ಕಟ್ಟುವ ರೀತಿಯೇ ಬೇರೆ ಇರಬಹುದು. ಹಾಗಾಗಿ ಯಾವ ಮಾಡೆಲ್, ಯಾವ ವರ್ಷದ್ದು, ಗೋಡೆಯ ಚೌಕಟ್ಟು ಮರದ್ದೋ ಅಲ್ಯೂಮಿನಿಯಂನದ್ದೋ, ಚಾವಣಿ ಒಂದೇ ತುಂಡು ಫೈಬರ್‌ಗ್ಲಾಸೋ ರಬ್ಬರ್ ಹಾಳೆಯೋ ಎಂದು ಕೇಳಿ. ಚಾವಣಿಯಲ್ಲಿ ಜಾಯಿಂಟ್ ಕಡಿಮೆಯಾದಷ್ಟೂ ಒಳ್ಳೆಯದು.

ವಾರಂಟಿ ಪತ್ರವನ್ನು ಕೊನೆಯ ಸಾಲಿನವರೆಗೂ ಓದಿ. ಷಾಸಿಗೆ ಒಂದು ವಾರಂಟಿ, ಮನೆಯ ಭಾಗಕ್ಕೆ ಇನ್ನೊಂದು, ಫ್ರಿಜ್ಜಿಗೆ ಮತ್ತೊಂದು. ಯೂರೋಪಿನ ಅನೇಕ ತಯಾರಕರು ನೀರು ಸೋರಿಕೆಗೆ ಪ್ರತ್ಯೇಕವಾಗಿ ಕೆಲವು ವರ್ಷಗಳ ಭರವಸೆ ಕೊಡುತ್ತಾರೆ. ಆದರೆ ವರ್ಷಕ್ಕೊಮ್ಮೆ ಅಧಿಕೃತ ಡೀಲರ್ ಬಳಿ ತೇವ ಪರೀಕ್ಷೆ ಮಾಡಿಸಿ ಮುದ್ರೆ ಹಾಕಿಸಿರಬೇಕು. ಒಂದು ಮುದ್ರೆ ತಪ್ಪಿದರೂ ಭರವಸೆ ಕೈಬಿಡಬಹುದು.

ಪ್ರಶ್ನೆ: ಬಾಗಿಲ ಬಳಿ ಆರ್‌ವಿಐಎ (ಅಮೆರಿಕದ ಮೋಟರ್‌ಹೋಮ್ ಉದ್ಯಮದ ಸಂಘ) ಮುದ್ರೆ ಇದೆ. ಗುಣಮಟ್ಟಕ್ಕೆ ಅಷ್ಟು ಸಾಕಲ್ಲವೆ?

ಸಾಲದು. ವಿದ್ಯುತ್, ಗ್ಯಾಸ್, ನೀರಿನ ಪೈಪು, ಬೆಂಕಿ ಸುರಕ್ಷತೆಯ ನಿಯಮಗಳಿಗೆ ಅನುಗುಣವಾಗಿ ಗಾಡಿ ಕಟ್ಟಿದ್ದೇವೆ ಎಂದು ತಯಾರಕರು ಹೇಳುವ ಗುರುತು ಅದು. ಕಪಾಟಿನ ಕೀಲು ಎಷ್ಟು ದಿನ ಬಾಳುತ್ತದೆ, ಚಾವಣಿ ಸೋರುತ್ತದೋ ಇಲ್ಲವೋ ಎಂಬುದಕ್ಕೂ ಅದಕ್ಕೂ ಸಂಬಂಧವಿಲ್ಲ.

ಪ್ರಶ್ನೆ: ಹತ್ತು ವರ್ಷ ಹಳೆಯ, ಕಡಿಮೆ ಓಡಿದ ಗಾಡಿಯೊಂದು ಕಣ್ಣಿಗೆ ಬಿದ್ದಿದೆ. ಒಳಗೆಲ್ಲ ಹೊಸದರಂತಿದೆ. ಏನೇನು ಪರೀಕ್ಷಿಸಬೇಕು?

ಕಡಿಮೆ ಓಡಿದೆ ಎಂಬ ಮಾತಿಗೆ ಮರುಳಾಗಬೇಡಿ. ನಿಂತಲ್ಲೇ ನಿಂತ ಗಾಡಿಯ ಸೀಲ್‌ಗಳು ಒಣಗುತ್ತವೆ, ಟೈರು ಬಿರಿಯುತ್ತದೆ, ಬ್ಯಾಟರಿ ಸಾಯುತ್ತದೆ. ಮೇಲೆ ಥಳುಕು, ಒಳಗೆ ಹುಳುಕು ಎಂಬ ಮಾತು ಮೋಟರ್‌ಹೋಮ್‌ನ ಗೋಡೆಗಳ ಮಟ್ಟಿಗೆ ಅಕ್ಷರಶಃ ನಿಜ.

ಮೊದಲ ಶತ್ರು ನೀರು. ಗಾಡಿ ಓಡುವಾಗ ಬಾಡಿ ತುಸು ತಿರುಚಿಕೊಳ್ಳುತ್ತಲೇ ಇರುತ್ತದೆ. ವರ್ಷಗಳಲ್ಲಿ ಗಟ್ಟಿಯಾದ ಸೀಲಂಟ್ ಅದಕ್ಕೆ ಹೊಂದಿಕೊಳ್ಳಲಾರದೆ ಬಿರುಕು ಬಿಡುತ್ತದೆ. ಮೂಲೆಪಟ್ಟಿಯ ಸ್ಕ್ರೂ ತೂತುಗಳಿಂದ ನೀರು ಒಳಗಿಳಿದು ಗೋಡೆಯ ಪದರಗಳಾದ ಫೋಮ್ ಮತ್ತು ಪ್ಲೈವುಡ್ ನಡುವೆ ಕೂರುತ್ತದೆ. ಅಂಟು ಬಿಡುತ್ತದೆ, ಮರ ಕೊಳೆಯುತ್ತದೆ. ಒಳಗೆ ಕಲೆ ಕಾಣುವ ಹೊತ್ತಿಗೆ ತುಂಬ ತಡವಾಗಿರುತ್ತದೆ, ಗೋಡೆ ಬಿಚ್ಚದೆ ರಿಪೇರಿ ಆಗದು.

ತೇವ ಅಳೆಯುವ ಮೀಟರ್ ತೆಗೆದುಕೊಂಡು ಹೋಗಿ. ಕಿಟಕಿಗಳ ಕೆಳಮೂಲೆ, ಚಾವಣಿ ಕಿಂಡಿಯ ಸುತ್ತ, ಹಿಂದಿನ ಹಾಸಿಗೆಯ ಕೆಳಗಿನ ಮೂಲೆಗಳು, ಮೇಲಿನ ಕಪಾಟುಗಳ ಒಳಭಾಗ, ಷವರ್ ಪಕ್ಕದ ನೆಲ, ಇಷ್ಟೂ ಕಡೆ ಅಳೆಯಿರಿ. ಶೇ. 15ರ ಒಳಗಿದ್ದರೆ ಚಿಂತೆಯಿಲ್ಲ. 15ರಿಂದ 20 ಇದ್ದರೆ ಗಮನವಿಡಬೇಕು. 20 ದಾಟಿದರೆ ಕಾರಣ ಪತ್ತೆಯಾಗುವವರೆಗೂ ಮುಂಗಡ ಕೊಡಬೇಡಿ, 30ರ ಮೇಲಿದ್ದರೆ ವಾಪಸ್ ಬನ್ನಿ. ಗೋಡೆಯೊಳಗೆ ಲೋಹದ ಪಟ್ಟಿ ಇದ್ದಲ್ಲಿ ಮೀಟರ್ ಸುಳ್ಳು ಹೇಳುವುದುಂಟು. ಎದುರು ಬದಿಯ ಗೋಡೆಯಲ್ಲಿ ಅದೇ ಎತ್ತರದಲ್ಲಿ ಅಳೆದು ಹೋಲಿಸಿ, ಹೆಬ್ಬೆರಳಿನಿಂದ ಒತ್ತಿಯೂ ನೋಡಿ. ಮೆತ್ತಗಿದ್ದರೆ ಮೀಟರ್ ಬೇಕಾಗಿಯೇ ಇಲ್ಲ. ಹೊರಗೋಡೆಗೆ ಕೆನ್ನೆ ತಾಗಿಸಿ ಉದ್ದಕ್ಕೆ ಕಣ್ಣು ಹಾಯಿಸಿ, ಉಬ್ಬಿದ್ದರೆ ಪದರ ಬಿಟ್ಟಿದೆ ಎಂದರ್ಥ.

ಏಣಿ ಹಾಕಿ ಚಾವಣಿಯನ್ನೂ ನೋಡಲೇಬೇಕು. ಹಳೆಯ ಸೀಲಂಟ್ ಮೇಲೆ ಹೊಸ ಸಿಲಿಕೋನ್ ಮೆತ್ತಿದ್ದರೆ ಅನುಮಾನಪಡಿ. ಅದು ಹಳೆಯದರ ಮೇಲೆ ಸರಿಯಾಗಿ ಹಿಡಿಯುವುದಿಲ್ಲ, ಮುಂದೆ ಅದರ ಮೇಲೆ ಬೇರೇನೂ ಅಂಟುವುದಿಲ್ಲ. ಒಳಗೆ ಹೆಜ್ಜೆಯಿಟ್ಟ ಕೂಡಲೇ ಏರ್ ಫ್ರೆಶ್ನರ್ ಘಮಘಮಿಸಿದರೆ, ಯಾವ ವಾಸನೆ ಮುಚ್ಚಲು ಎಂದು ಕೇಳಿಕೊಳ್ಳಿ.

ಬಳಿಕ ನೀರಿನ ಪಂಪು. ಟ್ಯಾಂಕ್ ತುಂಬಿಸಿ, ನಲ್ಲಿಗಳಿಂದ ಗಾಳಿಯೆಲ್ಲ ಹೊರಹೋದ ಮೇಲೆ ಅವನ್ನು ಮುಚ್ಚಿ. ಪ್ರೆಷರ್‌ನಿಂದ ನಿಲ್ಲುವ ಪಂಪಾದರೆ ಸ್ವಲ್ಪ ಹೊತ್ತಿಗೆ ಸುಮ್ಮನಾಗಬೇಕು. ನಲ್ಲಿ ತೆರೆಯದೆಯೂ ಆಗಾಗ ಗುರ್ ಎಂದರೆ ಎಲ್ಲೋ ಸೋರುತ್ತಿದೆ, ಇಲ್ಲವೇ ಪಂಪಿನ ವಾಲ್ವ್ ಹೋಗಿದೆ. ಗ್ಯಾಸಿನಲ್ಲೂ ನಡೆಯುವ ಅಬ್ಸಾರ್ಪ್ಷನ್ ಫ್ರಿಜ್ ತಣ್ಣಗಾಗಲು ಗಂಟೆಗಟ್ಟಲೆ ಬೇಕು, ಹಿಂದಿನ ರಾತ್ರಿಯೇ ಹಚ್ಚಿಡಲು ಹೇಳಿ. ಅಮೋನಿಯಾ ವಾಸನೆಯೋ ಹಿಂಬದಿಯಲ್ಲಿ ಹಳದಿ ಪುಡಿಯೋ ಕಂಡರೆ ಕೂಲಿಂಗ್ ಯೂನಿಟ್ ಕೆಟ್ಟಿದೆ. ಟೈರಿನ ಮೇಲೆ DOT ಎಂಬ ಅಕ್ಷರಗಳ ನಂತರ ಬರುವ ಸಂಖ್ಯೆಯ ಕೊನೆಯ ನಾಲ್ಕು ಅಂಕಿ 2316 ಎಂದಿದ್ದರೆ ಅದು 2016ರ 23ನೇ ವಾರದ್ದು. ಮೇಲಿನ ಗೀರುಗಳು ಸವೆಯದೆ ಆಳವಾಗಿದ್ದರೂ ಅಂಥ ಟೈರಿನ ಕಾಲ ಮುಗಿಯಿತು. ಎಂಜಿನ್ನನ್ನು ಬೇರೆ ಮೆಕ್ಯಾನಿಕ್‌ಗೆ ತೋರಿಸಿ.

ಪ್ರಶ್ನೆ: ನಾಲ್ವರ ಕುಟುಂಬ ನಮ್ಮದು. 3,500 ಕಿಲೋ ಮಿತಿಯ ಗಾಡಿ, 350 ಕಿಲೋ ಹೊರಬಹುದು ಎಂದು ಕ್ಯಾಟಲಾಗಿನಲ್ಲಿದೆ. ಸಾಕೆ?

ಲೆಕ್ಕ ಹಾಕಿ. ಯೂರೋಪಿನ ಕ್ರಮದಲ್ಲಿ ಚಾಲಕನ 75 ಕಿಲೋ ಗಾಡಿಯ ತೂಕದಲ್ಲೇ ಸೇರಿರುತ್ತದೆ. ಉಳಿದ ಮೂವರಿಗೆ ತಲಾ 75 ಹಿಡಿದರೆ 225 ಹೋಯಿತು, ಉಳಿದದ್ದು 125. ನೀರಿನ ಟ್ಯಾಂಕ್ 100 ಲೀಟರಿನದಾದರೂ ಅನೇಕ ತಯಾರಕರು ಲೆಕ್ಕಕ್ಕೆ ಹಿಡಿಯುವುದು ಬರೀ 20 ಲೀಟರ್. ಪೂರ್ತಿ ತುಂಬಿಸಿದರೆ ಇನ್ನೂ 80 ಕಿಲೋ. ಕೈಯಲ್ಲಿ ಉಳಿಯುವ 45 ಕಿಲೋದಲ್ಲಿ ಬಟ್ಟೆ, ಪಾತ್ರೆ, ಕುರ್ಚಿ, ಸೈಕಲ್ ಎಲ್ಲ ಬರಬೇಕು. ಮೇಲ್ಚಾವಣಿ ಎಸಿ, ಬದಿಯ ಮೇಲ್ಕಟ್ಟನ್ನು ಆಮೇಲೆ ಹಾಕಿಸಿದ್ದರೆ ಅವೂ ಇದರಲ್ಲೇ ಕಳೆಯುತ್ತವೆ. ನಾಲ್ವರಿಗೆ ಇದು ಸಾಲದು. ಕೊಳ್ಳುವ ಮುನ್ನ ವೇ ಬ್ರಿಜ್‌ಗೆ ಒಯ್ದು, ಹಿಂದಿನ ಆಕ್ಸಲ್ ತೂಕವನ್ನು ಬೇರೆಯಾಗಿ ತೂಗಿಸಿ. ಮಿತಿ ಮೊದಲು ಮೀರುವುದು ಹೆಚ್ಚಾಗಿ ಅಲ್ಲೇ.

ಪ್ರಶ್ನೆ: ಹೊಚ್ಚ ಹೊಸ ಗಾಡಿಗೂ ಇಷ್ಟೆಲ್ಲ ತಪಾಸಣೆ ಬೇಕೆ?

ಬೇಕು. ಹೊಸ ಗಾಡಿಯಲ್ಲೂ ಸಡಿಲ ಪೈಪು, ಅರ್ಧ ಬಿಗಿದ ಸ್ಕ್ರೂ, ಸರಿಯಾಗಿ ಕೂರದ ಬಾಗಿಲು ಸಿಗುತ್ತವೆ. ಸ್ಲೈಡ್ ಔಟ್ (ನಿಂತಾಗ ಹೊರಕ್ಕೆ ಚಾಚುವ ಗೋಡೆಯ ಭಾಗ) ಇದ್ದರೆ ಎರಡು ಸಲ ಪೂರ್ತಿ ಹೊರಗೆ ಒಳಗೆ ಮಾಡಿಸಿ, ಎರಡೂ ತುದಿ ಒಂದೇ ವೇಗದಲ್ಲಿ ಸರಿಯಬೇಕು. ಅಮೆರಿಕದಲ್ಲಾದರೆ ಗಾಡಿಯ ಗುರುತಿನ ಸಂಖ್ಯೆ (ವಿಐಎನ್) ಹಾಕಿ, ಸರ್ಕಾರದ ರಸ್ತೆ ಸುರಕ್ಷತಾ ಸಂಸ್ಥೆಯಾದ ಎನ್‌ಎಚ್‌ಟಿಎಸ್‌ಎ ತಾಣದಲ್ಲಿ ರೀಕಾಲ್, ಅಂದರೆ ದೋಷ ಸರಿಪಡಿಸಲು ಕಂಪನಿ ವಾಪಸ್ ಕರೆದಿದೆಯೇ ಎಂದು ನೋಡಿ. ಕೊನೆಯ ಕಂತು ಕಟ್ಟುವ ಮೊದಲು ಡೀಲರ್ ಅಂಗಳದಲ್ಲೇ ಒಂದು ರಾತ್ರಿ ಮಲಗಲು ಕೇಳಿ. ಹೀಟರ್, ಪಂಪ್, ಗ್ಯಾಸ್, ದೀಪ ಎಲ್ಲವನ್ನೂ ಬಳಸಿ, ಬೆಳಿಗ್ಗೆ ದೋಷಗಳ ಪಟ್ಟಿ ಬರೆದು ಡೀಲರ್ ಸಹಿ ಹಾಕಿಸಿಕೊಳ್ಳಿ.