ಹಬ್ಬದೂಟಕ್ಕೆ ಹದಿನೈದು ಜನ, ಕೈಯಲ್ಲಿ ಹಣ ಕಡಿಮೆ

ಪ್ರಶ್ನೆ: ಈ ಸಲ ಹಬ್ಬದ ರಾತ್ರಿಯೂಟ ನಮ್ಮ ಮನೆಯಲ್ಲಿ. ಒಟ್ಟು ಹದಿನೈದು ಜನ. ಮನೆ ರಿಪೇರಿಗೆಂದು ಇದ್ದ ಹಣವೆಲ್ಲ ಖರ್ಚಾಗಿದೆ. ಸಾಲ ಮಾಡದೆ, ಬಂದವರಿಗೂ ಕಡಿಮೆ ಎನಿಸದಂತೆ ಊಟ ಹಾಕುವುದು ಹೇಗೆ?

ಉತ್ತರ: ಎಷ್ಟು ಹಣ ತೆಗೆದಿಡಬಲ್ಲಿರಿ ಎಂಬುದನ್ನು ಮೊದಲು ಬರೆದುಕೊಳ್ಳಿ, ಅಡುಗೆಯ ಪಟ್ಟಿ ಆಮೇಲೆ. ಪಟ್ಟಿ ಮೊದಲಾದರೆ ಖರ್ಚು ಅದರ ಹಿಂದೆ ಓಡುತ್ತದೆ.

ಹಬ್ಬದೂಟ ದುಬಾರಿಯಾಗುವುದು ಬಗೆಗಳು ಹೆಚ್ಚಾದಾಗ. ಐದು ವಿಶೇಷಗಳಿಗೆ ಹಂಚಿಹೋಗುವ ಹಣದಲ್ಲಿ ಒಂದನ್ನೇ ಚೆನ್ನಾಗಿ, ಧಾರಾಳವಾಗಿ ಮಾಡಿ. ನಿಮ್ಮ ಮನೆಯವರು ಹಬ್ಬ ಎಂದರೆ ಯಾವುದನ್ನು ನೆನೆಯುತ್ತಾರೋ ಅದೇ ಇರಲಿ. ಅದರಲ್ಲಿ ಜಿಪುಣತನ ಬೇಡ. ಜೊತೆಗೆ ಅನ್ನ, ಕಾಳಿನದೊಂದು ಅಡುಗೆ, ಆ ಕಾಲದಲ್ಲಿ ಹೇರಳವಾಗಿ ಸಿಗುವ ತರಕಾರಿಯದೊಂದು, ಕೊನೆಗೆ ಒಂದು ಸಿಹಿ. ಇಷ್ಟಿದ್ದರೆ ಎಲೆ ತುಂಬುತ್ತದೆ.

ಅಳತೆಯಲ್ಲೇ ನಿಜವಾದ ಉಳಿತಾಯ. ದೊಡ್ಡವರೊಬ್ಬರಿಗೆ 75ರಿಂದ 100 ಗ್ರಾಂ ಅಕ್ಕಿ ಸಾಕು. ಹದಿನೈದು ಜನಕ್ಕೆ ಒಂದೂವರೆ ಕೆಜಿ ದಾಟಬೇಡಿ, ಮಕ್ಕಳಿದ್ದರೆ ಇನ್ನೂ ಕಡಿಮೆ. ಒಣಕಾಳು ನೆನೆದು ಬೆಂದಾಗ ತೂಕ ದುಪ್ಪಟ್ಟಿಗೂ ಹೆಚ್ಚಾಗುತ್ತದೆ, ಹಾಗಾಗಿ ಮುಕ್ಕಾಲು ಕೆಜಿ ಎಲ್ಲರಿಗೂ ಆಗಿ ಮಿಗುತ್ತದೆ. ಬೇಯಿಸಿ ಡಬ್ಬಿಗೆ ತುಂಬಿದ ಕಾಳಿಗಿಂತ ಇದು ಸಾಮಾನ್ಯವಾಗಿ ಅಗ್ಗವೂ ಹೌದು. ರಾಜ್ಮಾ ಮಾಡುವುದಾದರೆ ಒಂದು ಎಚ್ಚರಿಕೆ: ರಾತ್ರಿಯಿಡೀ ನೆನೆಸಿ, ಆ ನೀರು ಚೆಲ್ಲಿ, ಹೊಸ ನೀರಿನಲ್ಲಿ ಅರ್ಧ ಗಂಟೆ ಚೆನ್ನಾಗಿ ಕುದಿಸಿ, ಆಮೇಲೆ ಮೆತ್ತಗಾಗುವವರೆಗೆ ಬೇಯಿಸಿ. ಅರೆಬೆಂದ ರಾಜ್ಮಾದಿಂದ ವಾಂತಿ-ಭೇದಿ ಆಗುತ್ತದೆ.

ಕೊಳ್ಳುವ ಮುಂಚೆ ಅಡುಗೆಮನೆಯ ಡಬ್ಬಿಗಳನ್ನೆಲ್ಲ ಒಮ್ಮೆ ತೆರೆದು ನೋಡಿ. ಅಂಗಡಿಯಲ್ಲಿ ಪೊಟ್ಟಣದ ಬೆಲೆಗಿಂತ ಕೆಜಿಗೆ ಎಷ್ಟು ಬೀಳುತ್ತದೆ ಎಂದು ಲೆಕ್ಕ ಹಾಕಿ. ದೊಡ್ಡ ಪೊಟ್ಟಣ ಯಾವಾಗಲೂ ಅಗ್ಗವಲ್ಲ. ಅಲಂಕಾರಕ್ಕೆ ಹೊಸದೇನೂ ಕೊಳ್ಳಬೇಡಿ, ದೊಡ್ಡ ಪಾತ್ರೆ ಬೇಕಾದರೆ ನೆರೆಯವರನ್ನು ಕೇಳಿ.

ಇನ್ನು ನಿಮ್ಮನ್ನು ಕಾಡುತ್ತಿರುವ ಸಂಕೋಚದ ಮಾತು. “ಏನಾದರೂ ತರಲಾ?” ಎಂದು ನೆಂಟರು ಕೇಳಿದಾಗ “ಏನೂ ಬೇಡ, ನೀವು ಬಂದರೆ ಸಾಕು” ಎನ್ನುತ್ತೇವೆ. ಈ ಸಲ ಹಾಗೆನ್ನಬೇಡಿ. ಅವರು ಮನಸ್ಸಿನಿಂದಲೇ ಕೇಳಿರುತ್ತಾರೆ. “ಹದಿನೈದು ಜನಕ್ಕೆ ಹಣ್ಣು ತನ್ನಿ”, “ಸಿಹಿ ನಿಮ್ಮ ಕೈಯದೇ ಆಗಲಿ” ಎಂದು ಬಿಡಿಸಿ ಹೇಳಿ. ಬರೀ “ಏನಾದರೂ ತನ್ನಿ” ಎಂದರೆ ಮೂವರು ಒಂದೇ ಸಿಹಿ ತರುತ್ತಾರೆ. ಹತ್ತಿರದವರಿಗೆ ಕೈ ಬಿಗಿಯಿದೆ ಎಂದು ಹೇಳಿಕೊಂಡರೆ ನೀವೇನೂ ಸಣ್ಣವರಾಗುವುದಿಲ್ಲ. ಕ್ರೆಡಿಟ್ ಕಾರ್ಡ್ ಉಜ್ಜಿ ಬಡಿಸಿದ ಊಟದ ಬಡ್ಡಿಯನ್ನು ಮಾತ್ರ ಹಬ್ಬ ಮುಗಿದ ಮೇಲೂ ನೀವೊಬ್ಬರೇ ಕಟ್ಟಬೇಕು.

ಉಳಿದ ಅಡುಗೆ ಮರುದಿನದ ಖರ್ಚು ಉಳಿಸುತ್ತದೆ, ಕೆಡದಿದ್ದರೆ. ಮಾತಿಗೆ ಕುಳಿತು ಮರೆಯದೆ, ಎರಡು ಗಂಟೆಯೊಳಗೆ ಅಗಲವಾದ ಪಾತ್ರೆಗಳಿಗೆ ತೆಳ್ಳಗೆ ಹರಡಿ ಫ್ರಿಜ್ಜಿಗಿಡಿ. ಅನ್ನದ ವಿಷಯದಲ್ಲಿ ಇದು ಇನ್ನೂ ಮುಖ್ಯ: ಹೊರಗೇ ಉಳಿದ ಅನ್ನದಲ್ಲಿ ಬೆಳೆಯುವ ಕೆಲವು ಬ್ಯಾಕ್ಟೀರಿಯಾಗಳ ವಿಷ ಮತ್ತೆ ಬಿಸಿ ಮಾಡಿದರೂ ಹೋಗುವುದಿಲ್ಲ.