ಯಾವ ಪೋಸ್ಟ್‌ನಿಂದ ಗಿರಾಕಿಗಳು ಬಂದರು ಅಂತ ತಿಳಿಯೋದು ಹೀಗೆ

ನೀವು ಕೇಳಿದ್ದು ಎರಡು. ದುಡ್ಡು ಕೊಟ್ಟು ಶೆಡ್ಯೂಲಿಂಗ್ ಟೂಲ್ (ಪೋಸ್ಟ್‌ಗಳನ್ನು ಹೇಳಿದ ಸಮಯಕ್ಕೆ ತಾನೇ ಹಾಕುವ ಸಾಧನ) ತಗೊಳ್ಳಬೇಕಾ? ಫೇಸ್‌ಬುಕ್, ಇನ್‌ಸ್ಟಾಗ್ರಾಮ್, ವಾಟ್ಸಾಪ್ ಮೂರರಲ್ಲಿ ಯಾವುದರಿಂದ ಗಿರಾಕಿಗಳು ಬರುತ್ತಿದ್ದಾರೆ?

ಟೂಲ್ ಸದ್ಯಕ್ಕೆ ಬೇಡ. ಫೇಸ್‌ಬುಕ್ ಕಂಪನಿಯದೇ ಆದ ಮೆಟಾ ಬಿಸಿನೆಸ್ ಸೂಟ್‌ನಲ್ಲೇ ಫೇಸ್‌ಬುಕ್, ಇನ್‌ಸ್ಟಾಗ್ರಾಮ್ ಎರಡಕ್ಕೂ ಪೋಸ್ಟ್ ಮೊದಲೇ ಸಿದ್ಧಮಾಡಿ ಸಮಯ ಹಾಕಿಡಬಹುದು. ಪುಕ್ಕಟೆ.

ಎರಡನೆಯದೇ ನಿಜವಾದ ಪ್ರಶ್ನೆ. ನೀವು ಎಲ್ಲ ಕಡೆ ಒಂದೇ ಲಿಂಕ್ ಹಾಕುತ್ತಿದ್ದೀರಿ ಅಲ್ವಾ? ಸೈಟಿಗೆ ಯಾರು ಎಲ್ಲಿಂದ ಬಂದರು ಅಂತ ಲೆಕ್ಕ ಇಡುವ ಗೂಗಲ್ ಅನಾಲಿಟಿಕ್ಸ್‌ನಲ್ಲಿ, ವಾಟ್ಸಾಪ್‌ನಿಂದ ಬಂದವರು ಹೆಚ್ಚಾಗಿ ‘ಡೈರೆಕ್ಟ್’ (ಎಲ್ಲಿಂದ ಬಂದರು ಅಂತ ಗೊತ್ತಾಗದವರ) ಗುಂಪಿಗೆ ಸೇರಿಬಿಡುತ್ತಾರೆ. ಅದಕ್ಕೇ ನಿಮಗೆ ಡೈರೆಕ್ಟ್ ಅಷ್ಟು ಜಾಸ್ತಿ ಕಾಣುತ್ತಿರಬೇಕು. ಪ್ರತಿ ಜಾಗಕ್ಕೂ ಬೇರೆ ಯುಟಿಎಂ ಲಿಂಕ್ ಮಾಡಿ, ಅಂದರೆ ಎಲ್ಲಿಂದ ಬಂದರು ಅನ್ನೋ ಗುರುತು ಕೊನೆಗೆ ಸೇರಿಸಿದ ಲಿಂಕ್. ಗೂಗಲ್‌ನ ಕ್ಯಾಂಪೇನ್ ಯುಆರ್‌ಎಲ್ ಬಿಲ್ಡರ್‌ನಲ್ಲಿ ಸೋರ್ಸ್ (ಯಾವ ಜಾಗ), ಮೀಡಿಯಂ (ಯಾವ ಬಗೆ), ಕ್ಯಾಂಪೇನ್ (ಯಾವ ಪ್ರಚಾರ) ಹೆಸರು ತುಂಬಿದರೆ ಲಿಂಕ್ ಸಿಗುತ್ತದೆ. ಒಂದು ಎಚ್ಚರ: ಇಂಗ್ಲಿಷ್‌ನ ದೊಡ್ಡಕ್ಷರ, ಚಿಕ್ಕಕ್ಷರ ಬೇರೆಬೇರೆ ಅಂತ ಲೆಕ್ಕ. ನಾನು ಒಮ್ಮೆ ಹಾಗೆ, ಇನ್ನೊಮ್ಮೆ ಹೀಗೆ ಬರೆದು, ಫೇಸ್‌ಬುಕ್ ಒಂದೇ ಆದರೂ ವರದಿಯಲ್ಲಿ ಎರಡು ಸಾಲಾಗಿ ಕೂತಿತ್ತು. ಎಲ್ಲವನ್ನೂ ಚಿಕ್ಕಕ್ಷರದಲ್ಲೇ ಬರೆಯಿರಿ. ನಿಮ್ಮದೇ ಸೈಟಿನ ಒಳಗಿನ ಲಿಂಕ್‌ಗಳಿಗೆ ಮಾತ್ರ ಇದನ್ನು ಹಾಕಬೇಡಿ, ಸುಮ್ನೆ ಲೆಕ್ಕ ಕೆಡುತ್ತದೆ.

ಸೈಟಿಗೆ ಹೋಗದೆ ನೇರ ಮೆಸೇಜ್ ಮಾಡುವವರಿಗೆ ಇನ್ನೊಂದು ಉಪಾಯ. ವಾಟ್ಸಾಪ್ ಚಾಟ್ ಲಿಂಕ್‌ನಲ್ಲಿ ಮೊದಲ ಮೆಸೇಜನ್ನು ನೀವೇ ಬರೆದಿಡಬಹುದು. ಇನ್‌ಸ್ಟಾಗ್ರಾಮ್ ಬಯೋದ ಲಿಂಕ್‌ನಲ್ಲಿ ‘ಇನ್‌ಸ್ಟಾಗ್ರಾಮ್‌ನಲ್ಲಿ ನೋಡಿದೆ, ವಿವರ ಬೇಕಿತ್ತು’ ಅಂತ ಇಡಿ, ಫೇಸ್‌ಬುಕ್‌ಗೆ ಬೇರೆ ಸಾಲು. ಕೆಲವರು ಅಳಿಸಿ ಬರೆಯುತ್ತಾರೆ, ಆದರೆ ಹೆಚ್ಚಿನವರು ಹಾಗೇ ಕಳಿಸುತ್ತಾರೆ. ಬಂದ ಚಾಟ್‌ಗೆ ವಾಟ್ಸಾಪ್ ಬಿಸಿನೆಸ್‌ನಲ್ಲಿ ಲೇಬಲ್ ಹಾಕಿ. ತಿಂಗಳು ಬಿಟ್ಟು ಎಣಿಸಿ, ಆಮೇಲೆ ಟೂಲ್ ವಿಷಯ ಮಾತಾಡೋಣ.