ಚೆಲ್ಲಿದ ಮೆಣಸಿನಕಾಯಿ ಯಾರದು?

ಬ್ಯಾಡಗಿಯ ಓದುಗರೊಬ್ಬರು ಪತ್ರ ಬರೆದಿದ್ದಾರೆ. ಅಲ್ಲಿನ ಮಾರುಕಟ್ಟೆಯಲ್ಲಿ ಅವರದು ದಲಾಲಿ ಅಂಗಡಿ. ಹೆಸರು ಹಾಕಬೇಡಿ ಎಂದು ಕೇಳಿಕೊಂಡಿದ್ದಾರೆ. ಪತ್ರದ ಸಾರ ಇಷ್ಟು:

“ಸೀಸನ್ನಿನಲ್ಲಿ ಚೀಲ ಇಳಿಸುವಾಗ, ಸುರಿಯುವಾಗ, ತೂಕ ಮಾಡುವಾಗ ಕಾಯಿ ಚೆಲ್ಲುತ್ತವೆ. ಒಂದಿಬ್ಬರು ಮುದುಕಿಯರು ಬಂದು ಆರಿಸಿ ಉಡಿಯಲ್ಲಿ ತುಂಬಿಕೊಳ್ಳುತ್ತಾರೆ. ಹಮಾಲರು ಬೈದು ಓಡಿಸುತ್ತಾರೆ. ಧಾರವಾಡದಲ್ಲಿ ಓದುವ ನನ್ನ ಮಗಳು ರಜೆಗೆ ಬಂದಾಗ ಇದನ್ನು ನೋಡಿದಳು. ‘ಅಪ್ಪಾ, ಹೀಗೆ ಓಡಿಸಬಾರದು ಅಂತ ಬೈಬಲ್‌ನಲ್ಲೇ ಬರೆದಿದೆ’ ಅಂದಳು. ನಿಜವೇ? ದಾನಕ್ಕೆ ಪಾತ್ರಾಪಾತ್ರ ನೋಡಬೇಕು ಅಂತ ನಮ್ಮ ಹಿರಿಯರು ಹೇಳುತ್ತಿದ್ದರು. ಕ್ರೈಸ್ತರ, ಯೆಹೂದ್ಯರ ಗ್ರಂಥಗಳು ಅದಕ್ಕೆ ಏನನ್ನುತ್ತವೆ? ಇನ್ನೊಂದು. ಪಕ್ಕದ ಅಂಗಡಿಯವರು ‘ಬಡವರು ಯಾವಾಗಲೂ ಇರ್ತಾರೆ ಅಂತ ಯೇಸುವೇ ಹೇಳಿದಾರೆ, ನೀವ್ಯಾಕೆ ತಲೆ ಕೆಡಿಸಿಕೊಳ್ತೀರಿ’ ಎಂದರು. ಅದು ಸರಿಯೇ?”

ಯಜಮಾನರೇ,

ನಿಮ್ಮ ಮಗಳು ಹೇಳಿದ್ದು ಬಹುಮಟ್ಟಿಗೆ ನಿಜ. ಪಕ್ಕದ ಅಂಗಡಿಯವರು ಹೇಳಿದ್ದು ಅರ್ಧ ನಿಜ, ಅದಕ್ಕೆ ಆಮೇಲೆ ಬರೋಣ.

ಬೈಬಲ್‌ನ ಹಳೆಯ ಒಡಂಬಡಿಕೆ ಯೆಹೂದ್ಯರಿಗೂ ಕ್ರೈಸ್ತರಿಗೂ ಪವಿತ್ರ ಗ್ರಂಥ. ಅದರಲ್ಲಿ ಯಾಜಕಕಾಂಡದ 19ನೇ ಅಧ್ಯಾಯ ತೆಗೆದು ನೋಡಿ. ಹೊಲದ ಮೂಲೆ ಮೂಲೆ ಬಿಡದೆ ಕೊಯ್ಯಬೇಡ, ಹಕ್ಕಲು ಆಯಬೇಡ, ದ್ರಾಕ್ಷಿ ತೋಟದಲ್ಲಿ ಉದುರಿದ ಹಣ್ಣು ಹೆಕ್ಕಬೇಡ, ಅವನ್ನೆಲ್ಲ ಬಡವರಿಗೂ ಪರದೇಶಿಗಳಿಗೂ ಬಿಡು ಎಂದು ಅಲ್ಲಿದೆ. ಧರ್ಮೋಪದೇಶಕಾಂಡದ 24ನೇ ಅಧ್ಯಾಯ ಇನ್ನೂ ಬಿಗಿ. ಒಂದು ಸಿವುಡನ್ನು ಹೊಲದಲ್ಲೇ ಮರೆತು ಬಂದೆಯಾ? ತರಲು ಮತ್ತೆ ಹೋಗಬೇಡ. ಆಲಿವ್ ಮರ ಬಡಿದು ಕಾಯಿ ಉದುರಿಸಿದೆಯಾ? ಕೊಂಬೆಯಲ್ಲಿ ಉಳಿದದ್ದನ್ನು ಎರಡನೇ ಸಲ ಹುಡುಕಬೇಡ. ಅದು ಪರದೇಶಿಗೆ, ತಂದೆಯಿಲ್ಲದ ಮಗುವಿಗೆ, ವಿಧವೆಗೆ ಸೇರಿದ್ದು.

ನಮ್ಮ ಕಡೆಯವರಿಗೆ ಹಕ್ಕಲು ಅಂದರೆ ಬಿಡಿಸಿ ಹೇಳಬೇಕಾಗಿಲ್ಲ. ಶೇಂಗಾ ಕಿತ್ತ ಹೊಲದಲ್ಲಿ, ಜೋಳ ಕೊಯ್ದ ಎರಿಯಲ್ಲಿ ಕುಕ್ಕುರುಗಾಲಲ್ಲಿ ಕುಳಿತು ಆಯುವವರನ್ನು ನೀವೂ ನೋಡಿದ್ದೀರಿ. ಆದರೆ ನಮ್ಮಲ್ಲಿ ಅದು ರೂಢಿ. ಹೊಲದವನು ಒಳ್ಳೆಯವನಾದರೆ ನಡೆಯುತ್ತದೆ, ಅವನ ಮಗ ಬಿಗಿ ಕೈಯವನಾದರೆ ನಿಲ್ಲುತ್ತದೆ. ಹಾರ್ವೆಸ್ಟರ್ ಬಂದರೆ ಸದ್ದಿಲ್ಲದೆ ನಿಲ್ಲುತ್ತದೆ. ಆ ಗ್ರಂಥಗಳಲ್ಲಿ ಇದು ಕಟ್ಟಳೆ. ಹೊಲದವನ ಮನಸ್ಸು ಒಳ್ಳೆಯದೋ ಕೆಟ್ಟದ್ದೋ ಎಂದು ಯಾರೂ ಕೇಳುವುದಿಲ್ಲ. ಯಾಕೆ ಅಂದರೆ, “ಭೂಮಿ ನನ್ನದು, ನೀವು ನನ್ನ ಬಳಿ ಇಳಿದುಕೊಂಡಿರುವ ಪರದೇಶಿಗಳು” ಎಂದು ದೇವರೇ ಯಾಜಕಕಾಂಡದ 25ನೇ ಅಧ್ಯಾಯದಲ್ಲಿ ಹೇಳಿಬಿಡುತ್ತಾನೆ. ಹೊಲವೇ ನಿನ್ನದಲ್ಲ ಅಂದಮೇಲೆ ಮೂಲೆಯ ನಾಲ್ಕು ತೆನೆ ನಿನ್ನ ದಾನ ಹೇಗಾಯಿತು? ಇದೊಂದನ್ನು ಹಿಡಿದುಕೊಂಡರೆ ಮಿಕ್ಕದ್ದು ತಾನಾಗಿ ಬಿಚ್ಚಿಕೊಳ್ಳುತ್ತದೆ. ಎಷ್ಟು ಕೊಟ್ಟೆ ಎಂಬ ಲೆಕ್ಕಕ್ಕಿಂತ, ತೆಗೆದುಕೊಳ್ಳುವವರು ಆ ಹೊತ್ತಿನಲ್ಲಿ ಹೇಗೆ ನಿಂತಿದ್ದರು ಎಂಬುದರ ಮೇಲೆ ಈ ಗ್ರಂಥಗಳಿಗೆ ಕಣ್ಣು ಜಾಸ್ತಿ.

ಮುಂದೆ ಸುಮಾರು ಕ್ರಿ.ಶ. 200ರ ಹೊತ್ತಿಗೆ ಯೆಹೂದಿ ಗುರುಗಳು ತಮ್ಮ ಕಟ್ಟಳೆಗಳನ್ನು ಒಟ್ಟುಗೂಡಿಸಿದರು. ಅದಕ್ಕೆ ಮಿಶ್ನಾ ಎಂದು ಹೆಸರು. ಹೊಲದ ಮೂಲೆಗೆಂದೇ ಅದರಲ್ಲಿ ಒಂದು ಇಡೀ ಭಾಗವಿದೆ, ‘ಪೇಆ’ ಅಂತ. ಅದನ್ನು ಓದಿದರೆ ಆ ಗುರುಗಳು ಸುಮ್ನೆ ಮನೆಯಲ್ಲಿ ಕೂತು ಬರೆದವರಲ್ಲ, ಸುಗ್ಗಿ ಕಂಡವರು ಅನ್ನಿಸುತ್ತದೆ. ಕಡಿಮೆ ಅಂದರೂ ಅರವತ್ತರಲ್ಲಿ ಒಂದು ಪಾಲು ಬಿಡಬೇಕು. ಬಡವರು ಕುಡುಗೋಲು, ಗುದ್ದಲಿ ತರಬಾರದು, ನೂಕಾಟದಲ್ಲಿ ಒಬ್ಬರಿಗೊಬ್ಬರು ಬಡಿದುಕೊಂಡಾರು. ಅವರು ಬರುವುದಕ್ಕೆ ದಿನಕ್ಕೆ ಮೂರು ಹೊತ್ತು ಗೊತ್ತು ಮಾಡಿದೆ. ಕೊಯ್ಯುವಾಗ ಎರಡು ತೆನೆ ಒಟ್ಟಿಗೆ ಬಿದ್ದರೆ ಬಡವರದು, ಮೂರು ಬಿದ್ದರೆ ಹೊಲದವನದು ಎಂದು ಹಿಲ್ಲೇಲ್ ಎಂಬ ಗುರುವಿನ ಶಿಷ್ಯರು ತೀರ್ಮಾನ ಕೊಟ್ಟಿದ್ದಾರೆ. ನಿಮ್ಮ ಪ್ರಶ್ನೆಗೆ ನೇರ ಉತ್ತರವೂ ಅದರಲ್ಲೇ ಇದೆ. ಆಯಲು ಬಂದವರನ್ನು ತಡೆಯುವವನು, ಒಬ್ಬರನ್ನು ಬಿಟ್ಟು ಇನ್ನೊಬ್ಬರನ್ನು ತಡೆಯುವವನು, ಅವರಲ್ಲಿ ತನಗೆ ಬೇಕಾದ ಒಬ್ಬರಿಗೆ ಮಾತ್ರ ಕೈ ಜೋಡಿಸುವವನು, ಈ ಮೂವರೂ ಬಡವರನ್ನು ಕೊಳ್ಳೆ ಹೊಡೆದಂತೆ. ಜಿಪುಣ ಅಂತ ಬೈದು ಬಿಡುವುದಿಲ್ಲ ನೋಡಿ. ಕಳ್ಳ ಅನ್ನುತ್ತದೆ.

ಈ ಕಟ್ಟಳೆ ಹೊಲದಲ್ಲಿ ಹೇಗೆ ಕಾಣುತ್ತದೆ ಅನ್ನುವುದಕ್ಕೆ ರೂತಳ ಕಥೆ ಓದಬೇಕು. ರೂತಳು ಮೋವಾಬಿನವಳು, ಹೊರಗಿನವಳು. ಗಂಡ ಸತ್ತಿದ್ದಾನೆ. ವಿಧವೆ ಅತ್ತೆ ನೊವೊಮಿಯನ್ನು ಬಿಟ್ಟಿರಲಾರದೆ ಬೇತ್ಲೆಹೇಮಿಗೆ ಬಂದಿದ್ದಾಳೆ. ಆಗ ಜವೆಗೋದಿಯ ಸುಗ್ಗಿ. ಹಕ್ಕಲು ಆಯಲು ಹೋಗಿ ಬೋವಜ ಎಂಬ ದೊಡ್ಡ ರೈತನ ಹೊಲ ಹೊಕ್ಕಳು. ಬೋವಜ ಅವಳನ್ನು ನೋಡಿ ಯಾರೆಂದು ವಿಚಾರಿಸಿಕೊಂಡ. ಅವಳನ್ನು ಯಾರೂ ಮುಟ್ಟಕೂಡದು ಎಂದು ಆಳುಗಳಿಗೆ ತಾಕೀತು ಮಾಡಿದ. ಬಾಯಾರಿದರೆ ಆಳುಗಳು ತುಂಬಿಟ್ಟ ನೀರನ್ನೇ ಕುಡಿ ಎಂದು ಅವಳಿಗೆ ಹೇಳಿದ. ಊಟದ ಹೊತ್ತಿಗೆ ಹತ್ತಿರ ಕರೆದು ಹುರಿದ ಕಾಳು ಕೊಟ್ಟ. ಅವಳು ಹೊಟ್ಟೆ ತುಂಬ ತಿಂದು ಉಳಿಸಿಯೂ ಇಟ್ಟುಕೊಂಡಳು. ಅವಳು ಎದ್ದು ಹೋದ ಮೇಲೆ ಆಳುಗಳನ್ನು ಕರೆದು, “ಸಿವುಡಿನಿಂದ ಕೆಲವು ತೆನೆಗಳನ್ನು ಬೇಕಂತಲೇ ಎಳೆದು ಬೀಳಿಸಿ. ಅವಳು ಆರಿಸಿಕೊಳ್ಳಲಿ, ಗದರಿಸಬೇಡಿ” ಎಂದ. ಸಂಜೆ ಅವಳು ಬಡಿದು ಅಳೆದಾಗ ಒಂದು ಏಫಾ ಜವೆಗೋದಿ ಆಯಿತು. ಇಂದಿನ ಲೆಕ್ಕದಲ್ಲಿ ಸುಮಾರು 22 ಲೀಟರ್.

ಅವನಿಗೆ ಒಂದು ಚೀಲ ಕಟ್ಟಿಸಿ ಕೊಡುವುದು ಕಷ್ಟವಿತ್ತೇ? ಕೊಟ್ಟಿದ್ದರೆ ಅವಳು ತಲೆ ತಗ್ಗಿಸಿ ತೆಗೆದುಕೊಳ್ಳಬೇಕಿತ್ತು, ನಾಲ್ಕು ಜನ ನೋಡುತ್ತಿದ್ದರು. ಬೀಳಿಸಿದ್ದರಿಂದ ಅವಳು ತಾನು ದುಡಿದದ್ದನ್ನು ಹೊತ್ತು ಮನೆಗೆ ಹೋದಳು. ಅತ್ತೆಗೆ ತೋರಿಸುವಾಗ ಅವಳ ಮುಖ ಹೇಗಿದ್ದಿರಬೇಕು!

ಇದನ್ನು ಓದುವಾಗೆಲ್ಲ ನನಗೆ ಆಯ್ದಕ್ಕಿ ಲಕ್ಕಮ್ಮ ನೆನಪಾಗುತ್ತಾಳೆ. ಗಂಡ ಮಾರಯ್ಯ ಬಸವಣ್ಣನವರ ಮಹಾಮನೆಯ ಅಂಗಳದಲ್ಲಿ ಬಿದ್ದ ಅಕ್ಕಿ ಆಯ್ದು ತರುತ್ತಿದ್ದ. ಒಂದು ದಿನ ದಿನದ ಲೆಕ್ಕಕ್ಕಿಂತ ಜಾಸ್ತಿ ತಂದ. ಇಷ್ಟೇಕೆ, ಮಿಕ್ಕದ್ದನ್ನು ಅಲ್ಲಿಯೇ ಸುರಿದು ಬಾ ಎಂದು ಅವಳು ಅವನನ್ನು ವಾಪಸ್ ಕಳಿಸಿದಳು. ರೂತಳ ಕಥೆಯಲ್ಲಿ ಬಿಡುವವನ ದೊಡ್ಡತನ, ಇಲ್ಲಿ ಆಯುವವಳ ದೊಡ್ಡತನ.

ಈಗ ನಿಮ್ಮ ಅಂಗಡಿಗೆ ಬರೋಣ. ಒಂದು ತೊಡಕಿದೆ, ಮಗಳು ಅದನ್ನು ಗಮನಿಸಿದಂತಿಲ್ಲ. ಬೋವಜ ಬೀಳಿಸಿದ್ದು ತನ್ನ ಹೊಲದ ತೆನೆ. ನಿಮ್ಮ ಅಂಗಡಿ ಮುಂದೆ ಚೆಲ್ಲಿದ ಕಾಯಿ ನಿಮ್ಮದಲ್ಲವಲ್ಲ! ತೂಕ ಆಗುವ ತನಕ ಅದು ರೈತನದು, ಆಮೇಲೆ ಖರೀದಿದಾರನದು. ನಡುವೆ ನಿಮ್ಮದೇನಿದ್ದರೂ ಕಮಿಷನ್. ಸಾಲ ಮಾಡಿ ಕಾಯಿ ಬೆಳೆದು, ಗಾಡಿ ಬಾಡಿಗೆ ಕೊಟ್ಟು ತಂದವನ ಮಾಲಿನಲ್ಲಿ ನೀವು ಧರ್ಮ ಮಾಡಿದರೆ ಪುಣ್ಯ ಯಾರ ಖಾತೆಗೆ? ಹಮಾಲರು ಓಡಿಸುವುದರಲ್ಲಿ ಅಷ್ಟು ಮಟ್ಟಿಗೆ ಒಂದು ನ್ಯಾಯವಿದೆ. ಬೈಯುವುದರಲ್ಲಿ ಇಲ್ಲ. ತೂಕ ಮುಗಿದು ಚೀಲ ಹೊಲಿದ ಮೇಲೆ ನೆಲದಲ್ಲಿ ಉಳಿದದ್ದನ್ನು ಬಿಡಬಹುದೇ ಎಂದು ಆ ದಿನದ ರೈತರನ್ನೂ ಖರೀದಿದಾರರನ್ನೂ ಒಂದು ಮಾತು ಕೇಳಿ. ಒಂದು ಹಿಡಿ ಕಾಯಿಗೆ ಬೇಡ ಅನ್ನುವ ರೈತ ನಮ್ಮ ಸೀಮೆಯಲ್ಲಿ ಸಿಗುವುದು ಕಷ್ಟ. ಆಮೇಲೆ ಹೊತ್ತು ಗೊತ್ತುಮಾಡಿ, ‘ಇಷ್ಟೊತ್ತಿಗೆ ಬರ್ರಿ, ಯಾರೂ ಏನೂ ಅನ್ನೂದಿಲ್ಲ’ ಅಂತ ಆ ಮುದುಕಿಯರಿಗೆ ಹೇಳಿ.

ಪಾತ್ರಾಪಾತ್ರದ ಪ್ರಶ್ನೆ. ಯೆಹೂದಿ ಗುರುಗಳ ನಡುವೆ ಇದರ ಮೇಲೆ ಜಗಳವೇ ಆಗಿದೆ. ಊಟ ಕೇಳಿದವನನ್ನು ವಿಚಾರಿಸಬೇಕೋ, ಬಟ್ಟೆ ಕೇಳಿದವನನ್ನು ವಿಚಾರಿಸಬೇಕೋ ಎಂಬ ವಾದ ತಾಲ್ಮುದ್‌ನಲ್ಲಿದೆ, ಅಂದರೆ ಮಿಶ್ನಾದ ಮೇಲೆ ಗುರುಗಳು ನಡೆಸಿದ ಚರ್ಚೆಗಳ ಸಂಗ್ರಹದಲ್ಲಿ. ಕೊನೆಗೆ ನಿಂತ ಕಟ್ಟಳೆ ಇದು: ಬಟ್ಟೆಗೆ ಬೇಕಾದರೆ ವಿಚಾರಿಸು. ಹಸಿದು ಬಂದವನನ್ನು ಏನೂ ಕೇಳದೆ ಉಣ್ಣಿಸು. ಹುಬ್ಬಳ್ಳಿಯ ಸಿದ್ಧಾರೂಢ ಮಠದ ಪಂಕ್ತಿಯಲ್ಲಿ ಕೂತವನನ್ನು ನೀನ್ಯಾರು ಅಂತ ಕೇಳುವುದಿಲ್ಲ ಅಲ್ವಾ, ಹಾಗೆ. ಮೋಸ ಮಾಡಬೇಡ ಎಂಬ ಎಚ್ಚರಿಕೆ ತೆಗೆದುಕೊಳ್ಳುವವನಿಗೂ ಇದೆ. ಇನ್ನೂರು ಜೂಜ್ ನಾಣ್ಯ ಇದ್ದವನು ಹಕ್ಕಲು ಮುಟ್ಟಬಾರದು. ಒಂದು ನಾಣ್ಯ ಕಡಿಮೆ ಇದ್ದರೆ ಸಾವಿರ ಜನ ಒಟ್ಟಿಗೆ ಕೊಟ್ಟರೂ ತೆಗೆದುಕೊಳ್ಳಬಹುದು. ಮನೆ, ಪಾತ್ರೆ ಮಾರಿ ಬಾ ಎಂದು ಅವನಿಗೆ ಹೇಳುವ ಹಾಗಿಲ್ಲ. ಕ್ರೈಸ್ತರ ಹೊಸ ಒಡಂಬಡಿಕೆಯಲ್ಲಿ, ಮೊದಮೊದಲ ಕ್ರೈಸ್ತ ಸಭೆಗಳಿಗೆ ಪತ್ರ ಬರೆದ ಪೌಲನ ಮಾತೊಂದಿದೆ, ದುಡಿಯಲು ಒಲ್ಲದವನು ಉಣ್ಣಲೂ ಬಾರದು ಅಂತ. ಕೈ ಬಿಗಿ ಹಿಡಿಯುವವರೆಲ್ಲ ಅದನ್ನು ಬಾಯಿಪಾಠ ಮಾಡಿಕೊಂಡಿರುತ್ತಾರೆ. ಅದು ಥೆಸಲೋನಿಕ ಎಂಬ ಊರಿನ ಕ್ರೈಸ್ತ ಸಭೆಯೊಳಗೇ ಕೆಲಸ ಬಿಟ್ಟು ಕಂಡವರ ಉಸಾಬರಿ ಮಾಡಿಕೊಂಡಿದ್ದವರಿಗೆ ಬರೆದ ಮಾತು. ಬೆನ್ನು ಬಾಗಿಸಿ ಒಂದೊಂದೇ ಕಾಯಿ ಆರಿಸುವ ಮುದುಕಿಗೆ ಅದನ್ನು ಹೇಗೆ ಅಂಟಿಸುತ್ತೀರಿ? ಅವಳು ಮಾಡುತ್ತಿರುವುದು ದುಡಿಮೆಯೇ.

ಇನ್ನು ಪಕ್ಕದ ಅಂಗಡಿಯವರು. ಬೇಥಾನ್ಯದ ಮನೆಯೊಂದರಲ್ಲಿ ಯೇಸು ಊಟಕ್ಕೆ ಕೂತಿದ್ದರು. ಹೆಂಗಸೊಬ್ಬಳು ಬಂದು ಅವರ ತಲೆಯ ಮೇಲೆ ಬಹಳ ಬೆಲೆಯ ಸುಗಂಧ ತೈಲ ಸುರಿದಳು. ಇದನ್ನು ಮಾರಿದ್ದರೆ ಮುನ್ನೂರು ದಿನಾರಿಗಿಂತ ಹೆಚ್ಚು ಬರುತ್ತಿತ್ತು, ಬಡವರಿಗೆ ಕೊಡಬಹುದಿತ್ತು ಎಂದು ಕೆಲವರು ಅವಳ ಮೇಲೆ ಹರಿಹಾಯ್ದರು. ಒಂದು ದಿನಾರಿ ಅಂದರೆ ಒಬ್ಬ ಕೂಲಿಯವನ ಒಂದು ದಿನದ ಕೂಲಿ. ಹಾಗೆ ಅಂದವನು ಯೇಸುವಿನ ಶಿಷ್ಯರಲ್ಲೊಬ್ಬನಾದ ಯೂದ, ಹಣದ ಚೀಲ ಅವನ ಕೈಯಲ್ಲೇ ಇತ್ತು, ಅದರಿಂದ ಕದಿಯುತ್ತಿದ್ದ ಎಂದು ಯೋಹಾನನ ಸುವಾರ್ತೆ ಹೇಳುತ್ತದೆ. ಆಗ ಯೇಸು ಹೇಳಿದ್ದು: “ಬಡವರು ಯಾವಾಗಲೂ ನಿಮ್ಮ ಹತ್ತಿರ ಇರುತ್ತಾರೆ, ಮನಸ್ಸು ಬಂದಾಗ ಅವರಿಗೆ ಒಳ್ಳೆಯದು ಮಾಡಬಹುದು. ಆದರೆ ನಾನು ಯಾವಾಗಲೂ ನಿಮ್ಮ ಹತ್ತಿರ ಇರುವುದಿಲ್ಲ.” ನಿಮ್ಮ ನೆರೆಯವರು ಇದರ ಮೊದಲ ತುಂಡಷ್ಟೇ ಕೇಳಿಸಿಕೊಂಡಿದ್ದಾರೆ. ಆ ತುಂಡೂ ಹಳೆಯದೇ. ಧರ್ಮೋಪದೇಶಕಾಂಡದ 15ನೇ ಅಧ್ಯಾಯದಲ್ಲಿ ಅದು ಪೂರ್ತಿಯಾಗಿದೆ: ಬಡವರು ದೇಶದಲ್ಲಿ ಇಲ್ಲದೆ ಹೋಗುವುದಿಲ್ಲ, ಆದುದರಿಂದಲೇ ಕೈ ಬಿಚ್ಚಿ ಕೊಡು ಎಂದು ನಿನಗೆ ಆಜ್ಞೆ. ಬೇಥಾನ್ಯದ ಆ ಮನೆಯಲ್ಲಿ ಕೂತವರೆಲ್ಲ ಯೆಹೂದ್ಯರು. ಮೊದಲ ಅರ್ಧ ಕಿವಿಗೆ ಬಿದ್ದರೆ ಮಿಕ್ಕ ಅರ್ಧ ಅವರಿಗೆ ತಾನಾಗಿ ನೆನಪಾಗುತ್ತಿತ್ತು.

ಒಂದು ಮಾತು ನೀವು ಕೇಳಿಲ್ಲ, ಆದರೂ ಬರೆಯುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ಈ ಗ್ರಂಥಗಳು ಹಕ್ಕಲಿನ ಬಗ್ಗೆ ಹೇಳುವ ಅಧ್ಯಾಯದಲ್ಲೇ ವ್ಯಾಪಾರಸ್ಥರಿಗೆ ತಾಗುವ ಮಾತುಗಳೂ ಇವೆ. ಕೂಲಿಯವನ ಕೂಲಿಯನ್ನು ಆ ದಿನವೇ, ಹೊತ್ತು ಮುಳುಗುವ ಮುಂಚೆ ಕೊಡು, ಅವನು ಅದರ ಮೇಲೆ ಜೀವ ಇಟ್ಟಿರುತ್ತಾನೆ. ಸಾಲಕ್ಕೆ ಅಡವು ತೆಗೆದುಕೊಳ್ಳುವಾಗ ಅವನ ಮನೆಯೊಳಗೆ ನುಗ್ಗಬೇಡ, ಹೊರಗೆ ನಿಲ್ಲು, ಅವನೇ ತಂದು ಕೊಡಲಿ. ಬೀಸುಕಲ್ಲನ್ನು ಅಡವು ಇಟ್ಟುಕೊಳ್ಳಬೇಡ, ಅದು ಜೀವವನ್ನೇ ಅಡವು ಇಟ್ಟುಕೊಂಡಂತೆ. ಬಡವನ ಹೊದಿಕೆಯನ್ನು ಅಡವು ತೆಗೆದುಕೊಂಡಿದ್ದರೆ ಸಂಜೆ ವಾಪಸ್ ಕೊಡು, “ಇಲ್ಲದಿದ್ದರೆ ಅವನು ಏನು ಹೊದ್ದು ಮಲಗಬೇಕು?” ಎಂದು ವಿಮೋಚನಕಾಂಡದಲ್ಲಿ ದೇವರೇ ಕೇಳುತ್ತಾನೆ. ತೊಟ್ಟು ಬಿಡಿಸುವ ಹೆಂಗಸರ ಕೂಲಿ, ಹಮಾಲರ ಪಗಾರ, ರೈತರಿಗೆ ಕೊಟ್ಟ ಮುಂಗಡ, ಅದರ ಬಡ್ಡಿ, ಇವೆಲ್ಲ ನಿಮ್ಮ ಕಡತದಲ್ಲೇ ಇವೆ. ಚೆಲ್ಲಿದ ಕಾಯಿ ಬೇರೆಯವರದು, ಈ ಕಡತ ನಿಮ್ಮ ಸ್ವಂತದ್ದು. ಮಗಳು ಮುಂದಿನ ರಜೆಗೆ ಬಂದಾಗ ಅದನ್ನೂ ಕೇಳಿಯಾಳು, ಕಾಲೇಜಿನ ಹುಡುಗಿಯರನ್ನು ನಂಬುವ ಹಾಗಿಲ್ಲ.

12ನೇ ಶತಮಾನದಲ್ಲಿ ಈಜಿಪ್ಟಿನಲ್ಲಿ ಮೈಮೋನಿದೀಸ್ ಎಂಬ ಯೆಹೂದಿ ಪಂಡಿತರಿದ್ದರು, ವೈದ್ಯರೂ ಹೌದು. ಕೊಡುವುದರಲ್ಲಿ ಎಂಟು ಮೆಟ್ಟಿಲು ಎಂದು ಅವರು ವಿಂಗಡಿಸಿದರು. ಮುಖ ಗಂಟು ಹಾಕಿಕೊಂಡು ಕೊಡುವುದು ಎಲ್ಲಕ್ಕಿಂತ ಕೆಳಗೆ. ಕೊಟ್ಟವನಿಗೆ ಪಡೆದವನು ಗೊತ್ತಿಲ್ಲ, ಪಡೆದವನಿಗೆ ಕೊಟ್ಟವನು ಗೊತ್ತಿಲ್ಲ, ಅದು ಮೇಲಿನಿಂದ ಎರಡನೆಯದು. ಎಲ್ಲಕ್ಕಿಂತ ಮೇಲಿನದು ಸಾಲ ಕೊಟ್ಟೋ, ಪಾಲುದಾರನನ್ನಾಗಿ ಮಾಡಿಕೊಂಡೋ, ಕೆಲಸ ಕೊಟ್ಟೋ ಅವನು ಇನ್ನೊಬ್ಬರ ಮುಂದೆ ಕೈ ಚಾಚದಂತೆ ಮಾಡುವುದು. ಆ ಮುದುಕಿಯರಿಗೆ ತೊಟ್ಟು ಬಿಡಿಸಲು ಕೈಯಾಡುತ್ತದೆಯೇ ಎಂದು ವಿಚಾರಿಸಿ ನೋಡಿ. ಆಡುತ್ತದೆ ಅಂದರೆ ಒಂದು ಜಾಗ ಕೊಡಿ, ಮಿಕ್ಕ ಹೆಂಗಸರಿಗೆ ಕೊಡುವ ಕೂಲಿಯನ್ನೇ ಕೊಡಿ.

ಮೂಲವನ್ನೇ ಓದಬೇಕು ಅನ್ನಿಸಿದರೆ ರೂತಳ ಪುಸ್ತಕದಿಂದ ಶುರು ಮಾಡಿ. ನಾಲ್ಕೇ ಅಧ್ಯಾಯ, ಒಂದು ಸಂಜೆಯ ಕೆಲಸ. ಆಮೇಲೆ ಧರ್ಮೋಪದೇಶಕಾಂಡದ 15 ಮತ್ತು 24. ಹೊಸ ಒಡಂಬಡಿಕೆಯಲ್ಲಿ ಯಾಕೋಬನ ಪತ್ರ ಚಿಕ್ಕದು, ಆದರೆ ಖಾರ. ಅದರ 5ನೇ ಅಧ್ಯಾಯವನ್ನು ಮಾತ್ರ ವಾರದ ಲೆಕ್ಕ ಚುಕ್ತಾ ಮಾಡಿದ ಮೇಲೆ ಓದಿ.

— ಸಂಪಾದಕ